ಮುನ್ನೂರು ಮೀಟರಿನ ಗಡಿಯಾರ, ಮೂರು ಮೀಟರಿನ ಹೊಂಡ

ಇರಕಲ್ಲಗಡದಂಥ ಊರಿನಲ್ಲಿ ನಿವೃತ್ತ ಮಾಸ್ತರನೊಬ್ಬ ಸಮುದ್ರದ ಆಳಕ್ಕೆ ಇಳಿಯುವವರ ಕೈಗಡಿಯಾರವನ್ನು ಕಟ್ಟಿಕೊಂಡು ತಿರುಗಾಡಿದರೆ ಜನ ನಗದೆ ಇನ್ನೇನು ಮಾಡಿಯಾರು? ಕಳೆದ ಇಪ್ಪತ್ತು ದಿನಗಳಿಂದ ನನ್ನ ಎಡಗೈಯಲ್ಲಿರುವ ಈ ಹೊಸ ವಸ್ತುವಿನ ಸುದ್ದಿ ನಮ್ಮ ಬಳಗದಲ್ಲಿ ಆಗಲೇ ಸಾಕಷ್ಟು ಹಬ್ಬಿದೆ. ಕೆಲವರು ಬೆಲೆ ಕೇಳಿದಿರಿ, ಕೆಲವರು ಲಾಕರಿನಲ್ಲಿಡಿ ಎಂದಿರಿ. ಹಳೆಯ ವಿದ್ಯಾರ್ಥಿಯೊಬ್ಬ, ಈಗ ಸರಕಾರಿ ನೌಕರಿಯಲ್ಲಿರುವವನು, "ಸರ್, ಯಾರ ಉಡುಗೊರೆರೀ? ವಿಧಾನಸೌಧಕ್ಕ ಒಪ್ಪಿಸಬೇಕಾದೀತು ನೋಡ್ರಿ!" ಎಂದು ಚೇಷ್ಟೆ ಮಾಡಿದ. 2016ರಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೋ ಗಡಿಯಾರ ದೊಡ್ಡ ಗದ್ದಲಕ್ಕೆ ಕಾರಣವಾಗಿ, ಸ್ನೇಹಿತರು ಕೊಟ್ಟದ್ದೆಂದು ಹೇಳಿದ ಅವರು ಕೊನೆಗೆ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದ್ದು ಅವನ ನೆನಪಿನಲ್ಲಿತ್ತು. ನನ್ನದು ಅಷ್ಟು ದೊಡ್ಡ ಸಂಗತಿಯಲ್ಲ. ಆದರೂ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಸೇರಿಸಿ ಬರೆದುಬಿಡುವುದು ಲೇಸೆಂದು ತೋರಿತು.

ಗಡಿಯಾರ ಕೊಟ್ಟವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಇಂಜಿನಿಯರು. ಕೆಲವು ವರ್ಷಗಳ ಹಿಂದೆ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವ ವಿದ್ಯೆಯನ್ನು ಕಲಿತ. ಆ ಹುಮ್ಮಸ್ಸಿನಲ್ಲಿ ಈ ಓಮೆಗಾ ಸೀಮಾಸ್ಟರ್ ಕೊಂಡ. ಆದರೆ ನೀರಿಗಿಳಿಯುವಾಗ ಈಗಿನವರು ಕೈಗೆ ಕಟ್ಟುವುದು ಆಳ, ಸಮಯ, ಮೇಲೇರಬೇಕಾದ ವೇಗ ಎಲ್ಲವನ್ನೂ ತಾನೇ ಲೆಕ್ಕ ಹಾಕಿ ತೋರಿಸುವ ಪುಟ್ಟ ಕಂಪ್ಯೂಟರನ್ನು. 1980ರ ದಶಕದಿಂದ ಬಳಕೆಗೆ ಬಂದ ಈ ಯಂತ್ರ ಮುಳ್ಳಿನ ಗಡಿಯಾರಕ್ಕೆ ಸದ್ದಿಲ್ಲದೆ ನಿವೃತ್ತಿಯ ಆದೇಶ ಕೊಟ್ಟುಬಿಟ್ಟಿದೆ. ನನಗೆ ಎಪ್ಪತ್ತೈದು ತುಂಬಿದ ನೆಪದಲ್ಲಿ ಊರಿಗೆ ಬಂದವನು ಡಬ್ಬಿಯನ್ನು ನನ್ನ ಮುಂದಿಟ್ಟು, "ಮಾಮಾ, ನನ್ನ ಕೈಯಾಗ ಇದಕ್ಕ ಕೆಲಸಿಲ್ಲ. ನೀವ ಕಟ್ಕೋರಿ" ಎಂದ.

"ನನ್ನ ಕೈಯಾಗ ಇದಕ್ಕೇನ್ ಕೆಲಸ ಐತೋ ತಮ್ಮಾ?"

"ನಿಮಗರ ವ್ಯಾಳೆ ನೋಡೋ ಚಟ ಐತಲ್ರಿ."

ಅದೂ ನಿವೃತ್ತ, ನಾನೂ ನಿವೃತ್ತ! ಜೋಡಿ ಕೂಡಿ ಬಂತೆಂದು ಕಟ್ಟಿಕೊಂಡೆ.

ಮೊದಲ ಅನುಭವ ಭಾರದ್ದು. ನನ್ನ ಹಳೆಯ ಎಚ್.ಎಂ.ಟಿ. ಜನತಾ ಕೈಯಲ್ಲಿದೆಯೆಂಬುದೇ ಮರೆತುಹೋಗುತ್ತಿತ್ತು. ಇದು ಹಾಗಲ್ಲ. ಉಕ್ಕಿನ ಪಟ್ಟಿಯೊಡನೆ ಮುಂಗೈ ಮೇಲೆ ಕುಳಿತರೆ ಯಾರೋ ಕೈ ಹಿಡಿದುಕೊಂಡಂತೆ ಭಾಸವಾಗುತ್ತದೆ. 42 ಮಿಲಿಮೀಟರಿನ ಅಗಲ. ವಯಸ್ಸಾದಂತೆ ಸಣ್ಣಗಾದ ನನ್ನ ಮುಂಗೈಗೆ ಅಂಗಿಯ ತೋಳಿನೊಳಗೆ ಅಡಗಲು ಒಲ್ಲೆನೆನ್ನುವ ಗಾತ್ರ. ಪಟ್ಟಿಯ ಕೊಂಡಿಗಳನ್ನು ತೆಗೆಸಲೆಂದು ಕೊಪ್ಪಳದ ವಾಚು ರಿಪೇರಿಯವರೊಬ್ಬರ ಬಳಿ ಒಯ್ದೆ. ಅವರು ಕೆಲಸಕ್ಕೆ ಕೈಹಾಕುವ ಮೊದಲು ಅದನ್ನು ಮಗುಚಿ, ಬೆನ್ನಿನ ಗಾಜಿನೊಳಗೆ ಬಹಳ ಹೊತ್ತು ನೋಡುತ್ತ ಕುಳಿತರು. "ಸರ್, ಎದಿ ಬಡಕೊಳ್ಳೋದು ಕಾಣ್ತೈತ್ರಿ" ಎಂದರು. ಕೊಂಡಿ ತೆಗೆದದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ನೋಡಿದ್ದೇ ಕೂಲಿಯಂತೆ!

ಕಪ್ಪು ಡಯಲಿನ ಮೇಲೆ ಸಣ್ಣ ಅಲೆಗಳ ಗೆರೆಗಳನ್ನು ಕೊರೆದಿದ್ದಾರೆ. ರಾತ್ರಿ ಕರೆಂಟು ಹೋದಾಗ ಅಂಕಿಗಳ ಗುರುತೂ ತಾಸಿನ ಮುಳ್ಳೂ ನೀಲಿಯಾಗಿ ಹೊಳೆದರೆ, ನಿಮಿಷದ ಮುಳ್ಳು ಮತ್ತು ಹೊರಬಳೆಯ ಮೇಲಿನ ಒಂದು ಚುಕ್ಕೆ ಮಾತ್ರ ಹಸಿರಾಗಿ ಹೊಳೆಯುತ್ತವೆ. ಇದು ಅಲಂಕಾರವೆಂದೇ ತಿಳಿದಿದ್ದೆ. ಅಳಿಯ ಬಿಡಿಸಿ ಹೇಳಿದ. ನೀರಿನಡಿಯಲ್ಲಿರುವವನಿಗೆ ಎಷ್ಟು ಗಂಟೆಯಾಯಿತೆಂಬುದು ಬೇಕಿಲ್ಲ, ಎಷ್ಟು ನಿಮಿಷ ಕಳೆಯಿತೆಂಬುದಷ್ಟೇ ಬೇಕು. ಕತ್ತಲಲ್ಲಿ ಗೊಂದಲವಾಗದಿರಲೆಂದು ಆ ಎರಡಕ್ಕೆ ಮಾತ್ರ ಬೇರೆ ಬಣ್ಣ.

ಇನ್ನು ಡಯಲಿನ ಮೇಲೆ ಬರೆದಿರುವ 300 ಮೀಟರು! ನನ್ನಿಂದ ಗಣಿತ ಕಲಿತ ನಿಮಗೆ ಇದನ್ನು ಲೆಕ್ಕ ಮಾಡಿ ತೋರಿಸದಿದ್ದರೆ ನನಗೆ ಸಮಾಧಾನವಾಗದು. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನ ಎತ್ತರ ಸುಮಾರು 50 ಮೀಟರು. ಅಂಥ ಆರು ಅಣೆಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ನೀರು ತುಂಬಿಸಿದರೆ ಅದರ ತಳದಲ್ಲಿಯೂ ಈ ಗಡಿಯಾರ ನಡೆಯಬಲ್ಲದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಒಂದು ಹನಿಯೂ ಇಂಗದೆ, ಆರದೆ ಹಾಗೆಯೇ ನಿಂತಿತೆಂದು ಭಾವಿಸಿದರೆ 300 ಮೀಟರು ನೀರು ಸೇರಲು 500 ವರ್ಷ ಬೇಕು. ವಿಜಯನಗರದ ಕಾಲದಿಂದ ಇಲ್ಲಿಯವರೆಗೆ ಕೊಪ್ಪಳದ ಮೇಲೆ ಸುರಿದ ಮಳೆಯನ್ನೆಲ್ಲ ನನ್ನ ಕೈಗಡಿಯಾರವೊಂದೇ ತಡೆದುಕೊಂಡೀತು! ಹತ್ತು ಮೀಟರು ಆಳಕ್ಕೆ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ ಹೆಚ್ಚುತ್ತದೆ. ಗಾಜಿನ ಅಡ್ಡಳತೆ 3 ಸೆಂಟಿಮೀಟರು ಎಂದು ಹಿಡಿಯಿರಿ. ವಿಸ್ತೀರ್ಣ ಸುಮಾರು 7 ಚದರ ಸೆಂಟಿಮೀಟರು. 300 ಮೀಟರಿನಲ್ಲಿ ಅದರ ಮೇಲೆ ಬೀಳುವ ಭಾರ 210 ಕಿಲೋ, ಅಂದರೆ ಎರಡು ಕ್ವಿಂಟಲ್ ಜೋಳದ ಚೀಲಗಳಷ್ಟು. ಇಷ್ಟು ಸಹಿಸಬಲ್ಲ ವಸ್ತು ನನ್ನ ಕೈಯಲ್ಲಿ ಕಂಡ ಅತಿ ದೊಡ್ಡ ಜಲಪ್ರಳಯವೆಂದರೆ ಬಚ್ಚಲುಮನೆಯ ತಂಬಿಗೆ.

ಎಡಬದಿಯಲ್ಲಿ ಇನ್ನೊಂದು ಪುಟ್ಟ ತಿರುಗಣೆಯಿದೆ. ಸಮುದ್ರದಡಿಯ ಕೆಲಸಕ್ಕಾಗಿ ದಿನಗಟ್ಟಲೆ ಒತ್ತಡದ ಕೋಣೆಗಳಲ್ಲಿ ಹೀಲಿಯಂ ಬೆರೆತ ಗಾಳಿಯನ್ನು ಉಸಿರಾಡುತ್ತ ಬದುಕುವವರ ಗಡಿಯಾರದೊಳಗೆ ಆ ಅನಿಲ ನುಸುಳಿಕೊಳ್ಳುತ್ತದೆ. ಒತ್ತಡ ಇಳಿಯುವಾಗ ಅದು ಗಾಜನ್ನೇ ಕಿತ್ತು ಹೊರಬಂದೀತು. ಅದಕ್ಕೊಂದು ಬಾಗಿಲು ಇದು. ಇಂಥವರು ಜಗತ್ತಿನಲ್ಲಿ ಬಹಳ ಕಡಿಮೆ. ಉಳಿದ ನಮಗೆಲ್ಲ ಈ ಬಾಗಿಲು ಬರಿಯ ಗುಬಟು.

ನಮ್ಮ ಹಿರಿಯರೂ ಕಾಲವನ್ನು ನೀರಿನಿಂದಲೇ ಅಳೆದರು. ತಳದಲ್ಲಿ ಸೂಜಿಗಾತ್ರದ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಅಂದರೆ 24 ನಿಮಿಷ. ಇಂಥ 60 ಗಳಿಗೆ ಕೂಡಿದರೆ ಒಂದು ದಿನ. ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ಕಥೆಯನ್ನು ನಿಮ್ಮಲ್ಲಿ ಬಹುತೇಕರು ನನ್ನ ಬಾಯಿಂದಲೇ ಕೇಳಿದ್ದೀರಿ. ಮುಹೂರ್ತದ ಬಟ್ಟಲಿಗೆ ಬಗ್ಗಿ ನೋಡುವಾಗ ಅವಳ ಆಭರಣದ ಮುತ್ತೊಂದು ಉದುರಿ ರಂಧ್ರ ಮುಚ್ಚಿತಂತೆ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿತು. ದಂತಕಥೆಯೇ ಸರಿ, ಆದರೆ ಅದರಲ್ಲೊಂದು ಸೊಗಸಿದೆ. ಆ ಬಟ್ಟಲು ನೀರನ್ನು ಒಳಗೆ ಬಿಟ್ಟುಕೊಂಡು ಕಾಲ ಹೇಳಿತು, ನೀರು ಒಳಬರದಿದ್ದರೆ ಕೆಟ್ಟಿತು. ನನ್ನ ಕೈಯಲ್ಲಿರುವುದು ನೀರನ್ನು ಹೊರಗಿಟ್ಟು ಕಾಲ ಹೇಳುತ್ತದೆ, ಒಂದು ಹನಿ ಒಳಬಂದರೂ ಕೆಡುತ್ತದೆ.

ಬೆಲೆಯ ಮಾತಿಗೆ ಬರುತ್ತೇನೆ, ಏಕೆಂದರೆ ಎಲ್ಲರ ಕುತೂಹಲವೂ ಅಲ್ಲಿಯೇ. ಹೊಸದಕ್ಕೆ 5 ಲಕ್ಷ ರೂಪಾಯಿಗೂ ಮಿಕ್ಕಿ ಆಗುತ್ತದೆ. 1974ರಲ್ಲಿ ಸೇವೆಗೆ ಸೇರಿದ ನಾನು, ಸಂಬಳದಲ್ಲಿ ಉಳಿಸಿ ಜನತಾ ಕೊಂಡಾಗ ನಮ್ಮ ಓಣಿಯ ಹುಡುಗರು ಕಿವಿಗೆ ಹಚ್ಚಿ ಟಿಕ್ ಟಿಕ್ ಕೇಳಲು ಸರದಿ ನಿಂತಿದ್ದರು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮಶೀನ್ ಟೂಲ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಗಡಿಯಾರ ತಯಾರಿಸತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆಯಾಯಿತು. ಶಾಲೆಯ ಪ್ರವಾಸಕ್ಕೆ ಕರೆದೊಯ್ದಾಗ ಲಾಲ್‌ಬಾಗಿನಲ್ಲಿ ಆ ಸಂಸ್ಥೆಯ ಹೂವಿನ ಗಡಿಯಾರದ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ನಿಮ್ಮಲ್ಲಿ ಎಷ್ಟೊಂದು ಮಂದಿ! ಎಚ್.ಎಂ.ಟಿ. ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ನನ್ನ ಜನತಾ ಮಾತ್ರ ಇನ್ನೂ ನಡೆಯುತ್ತಿದೆ. ಅದರ ತಲೆಯ ಸಂದಿನಲ್ಲಿ ಸೇರಿದ ಸುಣ್ಣದ ಕಡ್ಡಿಯ ಪುಡಿಯನ್ನು ಪೂರ್ತಿಯಾಗಿ ತೆಗೆಯಲು ಇಂದಿಗೂ ಆಗಿಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ಜನತಾ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ, ಇದು 7 ಬಾರಿ. ಅದಕ್ಕೆ ದಿನವೂ ಚಾವಿ ಕೊಡಬೇಕು. ಇದು ಕೈ ಆಡಿದಂತೆ ತಾನೇ ಚಾವಿ ಕೊಟ್ಟುಕೊಳ್ಳುತ್ತದೆ, ಬಿಚ್ಚಿಟ್ಟರೆ 55 ತಾಸು ನಡೆದು ನಿಲ್ಲುತ್ತದೆ. ಇದರೊಳಗೆ ಜಾರ್ಜ್ ಡೇನಿಯಲ್ಸ್ ಎಂಬ ಆಂಗ್ಲ ಗಡಿಯಾರ ತಜ್ಞ ರೂಪಿಸಿದ, ಹಲ್ಲುಗಳ ಉಜ್ಜಾಟವನ್ನು ಕಡಿಮೆ ಮಾಡುವ ಒಂದು ಜಾಣ ವ್ಯವಸ್ಥೆಯಿದೆ. 1999ರಲ್ಲಿ ಓಮೆಗಾ ಅದನ್ನು ಅಳವಡಿಸಿಕೊಂಡಿತು. ಇವೆಲ್ಲ ಮೆಚ್ಚತಕ್ಕವೇ. ಆದರೆ ಪ್ರಾರ್ಥನೆಯ ಗಂಟೆ ಹೊಡೆಯಲು ಎರಡೂ ಒಂದೇ. ಬೆಲೆಯ ಬಹುಪಾಲು ಹೆಸರಿಗೆ ಸಲ್ಲುತ್ತದೆ, ಉಳಿದದ್ದು ಗಡಿಯಾರಕ್ಕೆ ಎಂಬುದು ನನ್ನ ಅಭಿಪ್ರಾಯ. ನಿಮ್ಮಲ್ಲಿ ಕೆಲವರು ಇಂಥದನ್ನು ತಿಂಗಳ ಕಂತಿನಲ್ಲಿ ಕೊಳ್ಳುವ ಯೋಚನೆಯಲ್ಲಿದ್ದೀರೆಂದು ಕೇಳಿದ್ದೇನೆ. ಕೊಳ್ಳಬೇಡಿರೆಂದು ಹೇಳಲು ನಾನು ಯಾರು? ಕಂತು ತೀರುವವರೆಗೆ ಕೈಯಲ್ಲಿರುವುದು ಗಡಿಯಾರವಲ್ಲ, ಬ್ಯಾಂಕಿನ ಕೈ ಎಂಬುದನ್ನು ಮಾತ್ರ ನೆನಪಿಡಿರಿ. ಲಾಕರಿನಲ್ಲಿಡಲು ಹೇಳಿದ ಬಂಧುಗಳಿಗೆ ನನ್ನ ಉತ್ತರ ಇಷ್ಟೇ: 30 ಅಂಶ ವಾಯುಭಾರ ತಡೆಯಲು ಹುಟ್ಟಿದ್ದನ್ನು ಹತ್ತಿಯಲ್ಲಿ ಸುತ್ತಿಡುವುದು ಎತ್ತನ್ನು ದೇವರ ಕೋಣೆಯಲ್ಲಿ ಕಟ್ಟಿದಂತೆ. ಹೊಲಕ್ಕೂ ಇದನ್ನೇ ಕಟ್ಟಿಕೊಂಡು ಹೋಗುತ್ತೇನೆ. ಆಗಲೇ ಒಂದು ಗೀರು ಬಿದ್ದಿದೆ, ಬೀಳಲಿ.

ಇಷ್ಟಾದರೂ ಈ ಗಡಿಯಾರದಲ್ಲಿ ಒಂದು ವಸ್ತು ನನ್ನನ್ನು ಹಿಡಿದು ನಿಲ್ಲಿಸಿದೆ. ಈ ಬರಹಕ್ಕೆ ನಿಜವಾದ ಕಾರಣವೂ ಅದೇ. ಡಯಲಿನ ಸುತ್ತ ಕಟ್ಟಿರುವ, ನಿಮಿಷದ ಗುರುತುಗಳುಳ್ಳ ಬಳೆ. ನೀರಿಗಿಳಿಯುವಾಗ ಅದರ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದಿಟ್ಟರೆ, ಆಮೇಲೆ ಎಷ್ಟು ನಿಮಿಷ ಕಳೆಯಿತೆಂಬುದನ್ನು ಕೂಡುವ ಕಳೆಯುವ ಗೊಡವೆಯಿಲ್ಲದೆ ಓದಿಕೊಳ್ಳಬಹುದು. ಸ್ವಿಟ್ಜರ್ಲೆಂಡಿನ ಬ್ಲಾಂಪಾನ್ ಸಂಸ್ಥೆಯ ಮುಖ್ಯಸ್ಥನಾಗಿದ್ದ ಫಿಯೆಶ್ಟರ್ ಎಂಬಾತ ಸ್ವತಃ ಸಮುದ್ರಕ್ಕೆ ಇಳಿಯುವ ಹವ್ಯಾಸಿ. ಒಮ್ಮೆ ಫ್ರಾನ್ಸಿನ ದಕ್ಷಿಣ ತೀರದಲ್ಲಿ ವೇಳೆಯ ಪರಿವೆಯಿಲ್ಲದೆ ಸಿಲಿಂಡರಿನ ಗಾಳಿ ಮುಗಿದು, ಜೀವ ಕೈಯಲ್ಲಿ ಹಿಡಿದು ಮೇಲೆ ಬಂದ. ಆ ಪಾಠದಿಂದ ಹುಟ್ಟಿದ ಅವನ ಗಡಿಯಾರ 1953ರಲ್ಲಿ ಬಂತು. ರೋಲೆಕ್ಸ್ ಸಂಸ್ಥೆಯ ಸಬ್‌ಮರೀನರ್ ಹುಟ್ಟಿದ್ದೂ ಅದೇ ವರ್ಷ.

ನನ್ನ ಗಡಿಯಾರದ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ. ಬಲಕ್ಕೆ ಎಷ್ಟು ಒತ್ತಿದರೂ ಮಿಸುಕದು. ಮೊದಲ ದಿನ ಇದೇಕೆ ಹೀಗೆಂದು ಬಹಳ ಹೊತ್ತು ತಿರುಗಿಸುತ್ತ ಕುಳಿತೆ, ಅಳಿಯನನ್ನು ಕೇಳದೆ ನಾನೇ ಬಿಡಿಸಬೇಕೆಂಬ ಹಟದಿಂದ. ಉತ್ತರ ಹೊಳೆದಾಗ, ಸುಳ್ಳೇಕೆ, ಮೈ ಜುಮ್ಮೆಂದಿತು. ನೀರಿನಡಿಯಲ್ಲಿ ಬಂಡೆಗೋ ದೋಣಿಯ ಅಂಚಿಗೋ ತಾಗಿ ಬಳೆ ಸರಿದುಬಿಟ್ಟಿತೆನ್ನಿ. ಎಡಕ್ಕೆ ಸರಿದರೆ ಕಳೆದ ನಿಮಿಷಗಳು ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಮನುಷ್ಯ ಅವಸರಪಟ್ಟು ಐದು ನಿಮಿಷ ಮೊದಲೇ ಮೇಲೆ ಬರುತ್ತಾನೆ, ನಷ್ಟವೇನೂ ಇಲ್ಲ. ಬಲಕ್ಕೆ ಸರಿದಿದ್ದರೆ ಇಲ್ಲದ ಗಾಳಿ ಇದೆಯೆಂದು ನಂಬಿ ಕೆಳಗೇ ಉಳಿಯುತ್ತಿದ್ದ. ಬಳೆ ಸರಿಯುವುದನ್ನು ಸಂಪೂರ್ಣ ತಡೆಯಲಾಗದು ಎಂದು ಮೊದಲೇ ಒಪ್ಪಿಕೊಂಡು, ಸರಿದರೂ ಜೀವ ಉಳಿಯುವ ಕಡೆಗೇ ಸರಿಯಲಿ ಎಂದು ಯೋಚಿಸಿದವರ ಕೆಲಸ ಇದು. 5 ಲಕ್ಷದಲ್ಲಿ ಈ ಬಳೆಯ ಪಾಲೆಷ್ಟೋ, ಆದರೆ ಕೊಡತಕ್ಕ ಬೆಲೆಯೆಂದರೆ ಅದಕ್ಕೇ. ಇನ್ನೊಂದು ಮಾತು: ಸಾಮಾನ್ಯ ಬೆಲೆಯ ಮುಳುಗು ಗಡಿಯಾರಗಳಲ್ಲಿಯೂ ಇದೇ ಬಳೆಯಿದೆ, ಹೀಗೆಯೇ ತಿರುಗುತ್ತದೆ.

ಈಗ ನಮ್ಮ ಹೊಲಗಳಿಗೆ ಬನ್ನಿ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಮಳೆಯಾಶ್ರಿತ ಭೂಮಿಯಲ್ಲಿ ಕೃಷಿ ಹೊಂಡಗಳಾದವು. ನಾನು ಅವುಗಳ ವಿರೋಧಿಯಲ್ಲ. ಮಳೆ ಕೈಕೊಟ್ಟ ವರ್ಷ ಒಂದು ನೀರು ಕಟ್ಟಿ ಬೆಳೆ ಉಳಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಹೊಂಡದ ಆಳ ಸಾಮಾನ್ಯವಾಗಿ 3 ಮೀಟರು. ನೀರು ಇಂಗದಿರಲೆಂದು ತಳಕ್ಕೂ ನಾಲ್ಕೂ ಇಳಿಜಾರಿಗೂ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಬೆಣ್ಣೆ ಸವರಿದಂತೆ. ಹಳೆಯ ಬಾವಿಗಳಿಗೆ ಮೆಟ್ಟಿಲಿದ್ದವು, ಕಲ್ಲಿನ ಸಂದುಗಳಿದ್ದವು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ನಾವೆಲ್ಲ ಈಜು ಕಲಿತದ್ದು ಅಂಥ ಬಾವಿಗಳಲ್ಲಿ. ದಣಿದರೆ ಕಲ್ಲು ಹಿಡಿದು ನಿಲ್ಲಬಹುದಿತ್ತು. ಪ್ಲಾಸ್ಟಿಕ್ಕಿನ ಇಳಿಜಾರಿನಲ್ಲಿ ಹಿಡಿಯಲು ಏನಿದೆ? ಈಜು ಬಲ್ಲವನೂ ದಂಡೆಗೆ ಬಂದು, ಕಾಲೂರಿ, ಜಾರಿ, ಮತ್ತೆ ಕಾಲೂರಿ, ಜಾರಿ, ದಂಡೆಯಿಂದ ಎರಡು ಮೊಳ ದೂರದಲ್ಲಿ ಸೋಲುತ್ತಾನೆ. ಕೊಡ ತುಂಬಲು ಬಂದವರು, ಕುರಿ ಕಾಯುವ ಹುಡುಗರು, ಒಬ್ಬರನ್ನು ಎಳೆಯಲು ಹೋದ ಇನ್ನೊಬ್ಬರು... ಪ್ರತಿ ಬೇಸಗೆಯಲ್ಲಿ ಪತ್ರಿಕೆಯ ಒಳಪುಟಗಳಲ್ಲಿ ಇಂಥ ಸುದ್ದಿಯನ್ನು ನೀವೂ ಓದಿದ್ದೀರಿ.

ನಾನೂ ಒಮ್ಮೆ ಹಾಜರಿ ಪುಸ್ತಕದಲ್ಲಿ ಏಳನೆಯ ತರಗತಿಯ ಒಬ್ಬ ಹುಡುಗನ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದೇನೆ. ಅದು ಕಲ್ಲು ತೆಗೆದು ಬಿಟ್ಟ ಗುಂಡಿ, ಮಳೆಗಾಲದಲ್ಲಿ ತುಂಬಿತ್ತು. ಭಿನ್ನರಾಶಿಯ ಲೆಕ್ಕದಲ್ಲಿ ತರಗತಿಗೇ ಮುಂದಿದ್ದವನು. ಅವನ ಜೊತೆಗೆ ಓದಿದವರು ಈ ಬರಹವನ್ನು ಓದುತ್ತೀರೆಂದು ಬಲ್ಲೆ, ಹೆಚ್ಚು ಬರೆಯುವುದಿಲ್ಲ.

ಸಮುದ್ರಕ್ಕಿಳಿಯುವ ಹವ್ಯಾಸಿಗಾಗಿ ಒಬ್ಬರು ಎಲ್ಲಿಯೋ ಕುಳಿತು ಬಳೆ ಯಾವ ಕಡೆ ಸರಿದರೆ ಅಪಾಯವೆಂದು ಯೋಚಿಸಿದರು. ನಮ್ಮ ಹೊಲದ ಹೊಂಡವನ್ನು ರೂಪಿಸುವಾಗ ಜಾರಿದವನು ಯಾವ ಕಡೆ ಜಾರುತ್ತಾನೆಂದು ಯೋಚಿಸಿದವರು ಎಷ್ಟು ಮಂದಿ? ಯೋಜನೆಯ ಪಟ್ಟಿಯಲ್ಲಿ ತಂತಿ ಬೇಲಿಯೂ ಸೇರಿದೆ. ಆದರೆ ಬೇಲಿಯಿಲ್ಲದ ಹೊಂಡಗಳನ್ನು ನೋಡಲು ನಾನು ಬಹಳ ದೂರ ನಡೆಯಬೇಕಿಲ್ಲ. ಇನ್ನು ಬೇಲಿಯೆಂಬುದು ಬೀಳದಿರಲಿ ಎಂಬ ಉಪಾಯವೇ ಹೊರತು, ಬಿದ್ದವನಿಗೆ ಅದರಿಂದ ಪ್ರಯೋಜನವಿಲ್ಲ. ಬಿದ್ದರೂ ಮೇಲೆ ಬರುವಂತಿರಬೇಕು. ಅದಕ್ಕೆ ಸರಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ, ಇಂಜಿನಿಯರೂ ಬೇಡ. ದಂಡೆಯ ಮೇಲೆ ಗಟ್ಟಿಯಾದ ಒಂದು ಗೂಟ, ಅದಕ್ಕೆ ಮೊಳಕ್ಕೊಂದು ಗಂಟು ಹಾಕಿದ ನೈಲಾನ್ ಹಗ್ಗ, ಹಗ್ಗದ ತುದಿ ನೀರಿನ ತಳ ಮುಟ್ಟುವಷ್ಟು ಉದ್ದ. ಪಕ್ಕದಲ್ಲಿ ಗಾಳಿ ತುಂಬಿದ ಒಂದು ಹಳೆಯ ಟ್ಯೂಬು. ನಾಲ್ಕೂ ಬದಿಗೆ ಇದ್ದರೆ ಉತ್ತಮ, ಎರಡು ಬದಿಗಾದರೂ ಬೇಕು.

ನನ್ನ ತಮ್ಮನ ಹೊಲದ ಹೊಂಡಕ್ಕೆ ಕಳೆದ ರವಿವಾರ ಹೀಗೆ ಮಾಡಿದೆವು. ತಮ್ಮನ ಮೊಮ್ಮಗ ಗೂಟ ಹುಗಿದ, ನಾನು ಗಂಟು ಹಾಕಿದೆ. ಕೆಲಸ ಶುರುವಾದಾಗ ತ್ರಿಕೋನವನ್ನು ಮುಳ್ಳಿನ ನೇರಕ್ಕೆ ತಿರುಗಿಸಿಟ್ಟಿದ್ದೆ. ಎರಡು ಬದಿ ಮುಗಿಯಲು 50 ನಿಮಿಷ ಹಿಡಿಯಿತು. ಹುಡುಗ ಹಗ್ಗ ಹಿಡಿದು ಇಳಿದು, ಬೇಕೆಂದೇ ಜಾರಿ, ಗಂಟು ಹಿಡಿದು ಮೇಲೆ ಬಂದು ತೋರಿಸಿದ. ಮೂರನೆಯ ಗಂಟು ಮತ್ತು ನಾಲ್ಕನೆಯದರ ನಡುವೆ ಅಂತರ ಹೆಚ್ಚಾಗಿದೆಯಂತೆ, ಸಣ್ಣವರ ಕೈಗೆ ನಿಲುಕದು. ಬರುವ ರವಿವಾರ ಅದನ್ನು ಬಿಚ್ಚಿ ಹತ್ತಿರ ಕಟ್ಟಿ, ಉಳಿದ ಎರಡು ಬದಿಗೂ ಹಗ್ಗ ಹಾಕುವುದಿದೆ. ಆಮೇಲೆ ಪಕ್ಕದ ಹೊಲದವರೂ ಕರೆದಿದ್ದಾರೆ.